ಯಾವ ಅಧಿಕಾರದಿಂದ ಆ ಹುದ್ದೆಯಲ್ಲಿದ್ದಾರೆ? ಕೋ ವಾರಂಟೊ ಅರ್ಜಿ ಸಲ್ಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ನಿಗಮದ ಅಧ್ಯಕ್ಷರಿಗೆ ಅರ್ಹತೆಯಿಲ್ಲ, ಕುಲಪತಿಯ ನೇಮಕ ನಿಯಮಕ್ಕೆ ವಿರುದ್ಧ, ಮಂಡಳಿಯ ಸದಸ್ಯರ ಅವಧಿ ಮುಗಿದು ವರ್ಷವಾಯಿತು ಎಂದು ಹೈಕೋರ್ಟ್ ಮೆಟ್ಟಿಲೇರಿದವರು ಮೊದಲ ವಿಚಾರಣೆಯಲ್ಲೇ ಬರಿಗೈಯಲ್ಲಿ ಇಳಿದು ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರ ದೂರಿನಲ್ಲಿ ಹುರುಳಿರಲಿಲ್ಲ ಎಂದಲ್ಲ. ಹೋಗಬೇಕಾದ ಕಡೆ ಹೋಗಿರಲಿಲ್ಲ, ಹೇಳಬೇಕಾದ್ದನ್ನು ಹೇಳಿರಲಿಲ್ಲ.

ಒಂದು ಅರ್ಜಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುನ್ನೂರಕ್ಕೂ ಹೆಚ್ಚು ಪುಟಗಳ ಕಡತ. ನ್ಯಾಯಮೂರ್ತಿಗಳು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಸೆಕ್ಷನ್ ಉಲ್ಲಂಘನೆಯಾಗಿದೆ?’ ವಕೀಲರು ಪುಟ ತಿರುವತೊಡಗಿದರು. ಪತ್ರಿಕೆಯ ತುಣುಕು ಸಿಕ್ಕಿತು, ಯಾರೊಂದಿಗೋ ತೆಗೆಸಿಕೊಂಡ ಫೋಟೊ ಸಿಕ್ಕಿತು, ಮುಖ್ಯಮಂತ್ರಿಗಳಿಗೆ ಕೊಟ್ಟ ಹಳೆಯ ದೂರು ಸಿಕ್ಕಿತು. ನೇಮಕಾತಿ ನಿಯಮ ಮಾತ್ರ ಸಿಗಲಿಲ್ಲ, ಏಕೆಂದರೆ ಅದನ್ನು ಲಗತ್ತಿಸಿಯೇ ಇರಲಿಲ್ಲ. ಐದು ನಿಮಿಷದೊಳಗೆ ಅರ್ಜಿ ವಜಾ ಆಯಿತು.

ಕೋ ವಾರಂಟೊ ಎಂದರೆ ‘ಯಾವ ಅಧಿಕಾರದಿಂದ’ ಎಂಬ ಪ್ರಶ್ನೆ. ಸಾರ್ವಜನಿಕ ಹುದ್ದೆಯಲ್ಲಿರುವವರನ್ನು ಕರೆಸಿ, ಆ ಹುದ್ದೆಯಲ್ಲಿರಲು ಕಾನೂನಿನ ಯಾವ ಆಧಾರವಿದೆ ಎಂದು ನ್ಯಾಯಾಲಯ ಕೇಳುತ್ತದೆ. ಆಧಾರ ತೋರಿಸಲಾಗದಿದ್ದರೆ ಹುದ್ದೆ ಬಿಡಿಸುತ್ತದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟುಗಳಿಗೂ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೂ ಈ ರಿಟ್, ಅಂದರೆ ವಿಶೇಷ ಆದೇಶ, ಹೊರಡಿಸುವ ಅಧಿಕಾರವಿದೆ. ಮುಂದಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸಿ. ಮೂರನೆಯದು ಮುಗಿಯದೆ ಆರನೆಯದಕ್ಕೆ ಕೈ ಹಾಕಿದವರೇ ಹೆಚ್ಚಾಗಿ ಸೋತಿದ್ದಾರೆ.

ಹಂತ 1: ನಿಮ್ಮ ತಕರಾರು ಯಾವ ನ್ಯಾಯಾಲಯದ್ದು ಎಂದು ತೀರ್ಮಾನಿಸಿ

ಹುದ್ದೆಗೆ ಬರುವ ದಾರಿಗಳು ಎರಡು: ಚುನಾವಣೆ ಮತ್ತು ನೇಮಕ. ಅವರು ಬಂದ ದಾರಿ ಯಾವುದೋ, ಪ್ರಶ್ನಿಸುವ ದಾರಿಯನ್ನೂ ಅದೇ ನಿರ್ಧರಿಸುತ್ತದೆ.

ಆಕ್ಷೇಪಣೆ ಚುನಾವಣೆಯ ಬಗ್ಗೆಯಾದರೆ, ಅಂದರೆ ನಾಮಪತ್ರ ತಪ್ಪಾಗಿ ಅಂಗೀಕಾರವಾಯಿತು, ಮತ ಎಣಿಕೆಯಲ್ಲಿ ದೋಷವಾಯಿತು, ಭ್ರಷ್ಟ ಮಾರ್ಗ ಹಿಡಿದರು ಎಂಬುದಾದರೆ, ರಿಟ್ ಅರ್ಜಿಯನ್ನು ಮರೆತುಬಿಡಿ. ಸಂಸತ್ತು ಮತ್ತು ವಿಧಾನಮಂಡಲದ ಚುನಾವಣೆಗೆ 329(ಬಿ) ವಿಧಿ, ಪಂಚಾಯಿತಿಗೆ 243-ಒ, ನಗರಸಭೆ ಹಾಗೂ ಪಾಲಿಕೆಗಳಿಗೆ 243-ಝಡ್‌ಜಿ ಅಡ್ಡಿ ಬರುತ್ತವೆ. ಚುನಾವಣಾ ತಕರಾರು ಅರ್ಜಿಯೊಂದೇ ದಾರಿ.

ಅಲ್ಲಿ ಗಡುವು ಬಹಳ ಬಿಗಿ. ಶಾಸಕರ ಅಥವಾ ಸಂಸದರ ಆಯ್ಕೆಯನ್ನು ಪ್ರಶ್ನಿಸಲು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 81ರ ಪ್ರಕಾರ 45 ದಿನಗಳೊಳಗೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬೇಕು. ಸೆಕ್ಷನ್ 117ರಂತೆ 2,000 ರೂಪಾಯಿ ಭದ್ರತಾ ಠೇವಣಿಯನ್ನೂ ಕಟ್ಟಬೇಕು. 46ನೇ ದಿನ ಹೋದರೆ ಯಾವ ಕಾರಣ ಹೇಳಿದರೂ ವಿಳಂಬ ಮನ್ನಾ ಆಗುವುದಿಲ್ಲ. ಗ್ರಾಮ ಪಂಚಾಯಿತಿ ಸದಸ್ಯರ ಆಯ್ಕೆಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್ 15 ಅನ್ವಯಿಸುತ್ತದೆ. ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಆ ಕಾಯ್ದೆ ಗೊತ್ತುಪಡಿಸಿದ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಸಹಕಾರ ಸಂಘದ ಚುನಾವಣೆಯ ತಕರಾರಿಗೆ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70ರ ವ್ಯವಸ್ಥೆಯಿದೆ.

ಈ ಗಡುವು ಮೀರಿದವರು ‘ಹಾಗಾದರೆ ಕೋ ವಾರಂಟೊ ಹಾಕೋಣ’ ಎಂದು ಬರುತ್ತಾರೆ. ದಯವಿಟ್ಟು ಬೇಡ. ಹಿಂಬಾಗಿಲಿನಿಂದ ಬಂದ ಚುನಾವಣಾ ತಕರಾರನ್ನು ನ್ಯಾಯಾಲಯ ಕೂಡಲೇ ಗುರುತಿಸುತ್ತದೆ. ಅಪವಾದ ಇಲ್ಲವೆಂದಲ್ಲ. ತಮಿಳುನಾಡಿನ ಲಾಲ್‌ಗುಡಿ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದವರು, ಅದೇ ಹೆಸರಿನ ಇನ್ನೊಬ್ಬರ ದಾಖಲೆ ತೋರಿಸಿ ಗೆದ್ದು ಶಾಸಕರಾಗಿ ಕುಳಿತಿದ್ದರು. ಆ ಪ್ರಕರಣದಲ್ಲಿ 226ನೇ ವಿಧಿಯಡಿ ಹೈಕೋರ್ಟ್ ಮಧ್ಯೆ ಪ್ರವೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಕೆ. ವೆಂಕಟಾಚಲಂ ಪ್ರಕರಣದಲ್ಲಿ ಹೇಳಿತು. ಅಲ್ಲಿ ಸಂವಿಧಾನ ಕೇಳುವ ಮೂಲ ಅರ್ಹತೆಯೇ ಇರಲಿಲ್ಲ. ನಿಮ್ಮ ಕೇಸು ಅಷ್ಟು ಬೆತ್ತಲಾಗಿಲ್ಲದಿದ್ದರೆ ಈ ತೀರ್ಪನ್ನು ನೆಚ್ಚಿ ಹೊರಡಬೇಡಿ.

ಇನ್ನು ನೇಮಕದ ವಿಚಾರ. ಆ ಹುದ್ದೆ ನಿಮಗೆ ಸಿಗಬೇಕಿತ್ತು, ತಪ್ಪಿತು ಎಂಬುದು ನಿಮ್ಮ ನೋವಾಗಿದ್ದರೆ ಅದು ಸೇವಾ ವಿವಾದ. ರಾಜ್ಯ ಸರ್ಕಾರಿ ಹುದ್ದೆಯಾದರೆ ಮೊದಲು ಹೋಗಬೇಕಾದ್ದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅಲ್ಲಿ ಸಾಮಾನ್ಯ ಗಡುವು ಒಂದು ವರ್ಷ. ಆ ಹುದ್ದೆ ನಿಮಗೆ ಬೇಕಿಲ್ಲ, ಆದರೆ ಅನರ್ಹರು ಅದರಲ್ಲಿ ಕೂರಬಾರದು ಎಂಬುದು ನಿಮ್ಮ ತಕರಾರಾದರೆ ಮಾತ್ರ ಕೋ ವಾರಂಟೊ ದಾರಿ ತೆರೆಯುತ್ತದೆ. ಸೇವಾ ವಿಷಯಗಳಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಿಲ್ಲುವುದಿಲ್ಲ, ಕೋ ವಾರಂಟೊ ಒಂದೇ ಇದಕ್ಕೆ ಅಪವಾದ ಎಂದು 2010ರ ಹರಿಬಂಶ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾರ್ಖಂಡ್ ವಿದ್ಯುತ್ ಮಂಡಳಿಯ ಅಧ್ಯಕ್ಷರ ನೇಮಕದ ಕೇಸು ಅದು.

ಹಂತ 2: ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಉತ್ತರಿಸಿ

ಕನ್ನಡಿಗರು ಹೆಮ್ಮೆಯಿಂದಲೂ ಎಚ್ಚರದಿಂದಲೂ ಓದಬೇಕಾದ ತೀರ್ಪು ಮೈಸೂರು ವಿಶ್ವವಿದ್ಯಾಲಯ ವಿರುದ್ಧ ಗೋವಿಂದ ರಾವ್. ಇಂಗ್ಲಿಷ್ ರೀಡರ್ ಹುದ್ದೆಯ ನೇಮಕವನ್ನು ಮೈಸೂರು ಹೈಕೋರ್ಟ್ ರದ್ದುಪಡಿಸಿತ್ತು. 1963ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಇಂದಿಗೂ ದೇಶದ ಯಾವ ಹೈಕೋರ್ಟಿನಲ್ಲಿ ಕೋ ವಾರಂಟೊ ವಾದ ನಡೆದರೂ ಈ ತೀರ್ಪಿನ ಸಾಲುಗಳನ್ನೇ ಓದುತ್ತಾರೆ. ಅದರಿಂದ ಮತ್ತು ಮುಂದಿನ ತೀರ್ಪುಗಳಿಂದ ಹೊರಡುವ ಪ್ರಶ್ನೆಗಳು ಇವು:

1. ಅದು ಸಾರ್ವಜನಿಕ ಹುದ್ದೆಯೇ? ಸಂವಿಧಾನದಿಂದಲೋ ಕಾಯ್ದೆಯಿಂದಲೋ ಸೃಷ್ಟಿಯಾದ, ಸಾರ್ವಜನಿಕ ಕರ್ತವ್ಯವಿರುವ ಹುದ್ದೆಯಾಗಿರಬೇಕು. ಖಾಸಗಿ ಶಾಲೆಯ ಆಡಳಿತ ಮಂಡಳಿ, ಸಂಘದ ಕಾರ್ಯಕಾರಿ ಸಮಿತಿ, ಮಠದ ಟ್ರಸ್ಟ್ ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ.

2. ಅದು ಸ್ವತಂತ್ರ, ಶಾಶ್ವತ ಸ್ವರೂಪದ ಹುದ್ದೆಯೇ? ಇನ್ನೊಬ್ಬರ ಮರ್ಜಿಯಂತೆ ಕೆಲಸ ಮಾಡುವ ಸಹಾಯಕ, ತಾತ್ಕಾಲಿಕ ಸಲಹೆಗಾರರಂಥವರ ವಿರುದ್ಧ ರಿಟ್ ಸಿಗುವುದು ಕಷ್ಟ.

3. ಅವರು ನಿಜವಾಗಿ ಅಧಿಕಾರ ವಹಿಸಿಕೊಂಡಿದ್ದಾರೆಯೇ? ಪತ್ರಿಕೆಯಲ್ಲಿ ಹೆಸರು ಬಂದರೆ ಸಾಲದು. ಅಧಿಕಾರ ಸ್ವೀಕರಿಸಿದ ದಿನಾಂಕ ನಿಮ್ಮ ಬಳಿ ಇರಬೇಕು.

4. ನೇಮಕ ಕಾಯ್ದೆಯ ಅಥವಾ ಶಾಸನಬದ್ಧ ನಿಯಮದ ವಿರುದ್ಧವಾಗಿದೆಯೇ? ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ನಾಲ್ಕನೆಯದರಲ್ಲಿ ಎಡವುವವರು ಎರಡು ಬಗೆ. ಕೆಲವರು ಸುತ್ತೋಲೆ, ಮಾರ್ಗಸೂಚಿ, ಕಚೇರಿಯ ವಾಡಿಕೆಯ ಉಲ್ಲಂಘನೆಯನ್ನು ಹಿಡಿದು ಬರುತ್ತಾರೆ. ಅವಕ್ಕೆ ಶಾಸನದ ಬಲವಿಲ್ಲದಿದ್ದರೆ ಕೋ ವಾರಂಟೊ ಆಗುವುದಿಲ್ಲ. ಇನ್ನು ಕೆಲವರು ‘ಇವರಿಗಿಂತ ಯೋಗ್ಯರಿದ್ದರು’ ಎನ್ನುತ್ತಾರೆ. ಅರ್ಹತೆ ಬೇರೆ, ಯೋಗ್ಯತೆ ಬೇರೆ. ಕಾಯ್ದೆ ಹೇಳಿದ ಅರ್ಹತೆ ಇದೆಯೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ಅರ್ಹರಾದವರಲ್ಲಿ ಯಾರು ಹೆಚ್ಚು ಯೋಗ್ಯರು ಎಂಬುದು ನೇಮಿಸುವವರಿಗೆ ಬಿಟ್ಟದ್ದು. ಗೋವಿಂದ ರಾವ್ ಪ್ರಕರಣದಲ್ಲಿ ಹೈಕೋರ್ಟ್ ಎಡವಿದ್ದು ಇಲ್ಲೇ. ತಜ್ಞರ ಮಂಡಳಿ ತೂಗಿ ನೋಡಿದ ಶೈಕ್ಷಣಿಕ ಅರ್ಹತೆಯನ್ನು ತಾನೇ ಮತ್ತೆ ತೂಗಲು ಹೋಯಿತು.

ಹಂತ 3: ನಿಮ್ಮ ಇಡೀ ಕೇಸನ್ನು ಒಂದೇ ವಾಕ್ಯಕ್ಕೆ ಇಳಿಸಿ

ಈ ಹಂತಕ್ಕೆ ಒಂದು ವಾರ ಹಿಡಿದರೂ ಸರಿ. ವಾಕ್ಯದಲ್ಲಿ ನಾಲ್ಕು ಅಂಶ ಇರಲೇಬೇಕು: ಕಾಯ್ದೆ ಮತ್ತು ಸೆಕ್ಷನ್, ಅದು ಕೇಳುವ ಅರ್ಹತೆ, ಅದನ್ನು ಅಳೆಯಬೇಕಾದ ದಿನಾಂಕ, ಆ ದಿನ ಅದು ಇರಲಿಲ್ಲ ಎಂದು ತೋರಿಸುವ ದಾಖಲೆ.

ಕಲ್ಪಿಸಿದ ಉದಾಹರಣೆಯೊಂದನ್ನು ನೋಡೋಣ. ಜನ ಸಾಮಾನ್ಯವಾಗಿ ಬರೆದು ತರುವುದು ಹೀಗೆ: ‘ಪ್ರತಿವಾದಿಯು ರಾಜಕೀಯ ಪ್ರಭಾವ ಬಳಸಿ, ಸ್ವಜನಪಕ್ಷಪಾತದಿಂದ, ಯಾವ ಅನುಭವವೂ ಇಲ್ಲದೆ ಅಧ್ಯಕ್ಷ ಸ್ಥಾನ ಗಿಟ್ಟಿಸಿಕೊಂಡಿದ್ದಾರೆ.’ ಇದರಲ್ಲಿ ನ್ಯಾಯಾಲಯಕ್ಕೆ ಹಿಡಿಯಲು ಒಂದೂ ಕೊಂಡಿಯಿಲ್ಲ. ಬರೆಯಬೇಕಾದ್ದು ಹೀಗೆ: ‘ಸದರಿ ಕಾಯ್ದೆಯ ಸೆಕ್ಷನ್ 5(2) ಅಧ್ಯಕ್ಷರಿಗೆ ಕನಿಷ್ಠ ಹತ್ತು ವರ್ಷಗಳ ಅನುಭವ ಇರಬೇಕೆನ್ನುತ್ತದೆ; ಅರ್ಜಿ ಸಲ್ಲಿಸಲು ಕೊನೆಯ ದಿನ ಪ್ರತಿವಾದಿಗೆ ಇದ್ದದ್ದು ಆರು ವರ್ಷ ನಾಲ್ಕು ತಿಂಗಳು ಎಂದು ಅವರೇ ಸಲ್ಲಿಸಿದ ಸ್ವವಿವರದ ಎರಡನೇ ಪುಟ ತೋರಿಸುತ್ತದೆ.’ ಇದನ್ನು ಓದಿದ ನ್ಯಾಯಮೂರ್ತಿಗಳು ತಾವಾಗಿ ಆ ಎರಡನೇ ಪುಟ ತೆರೆಯುತ್ತಾರೆ.

ಅರ್ಹತೆಯ ಕೊರತೆಯಷ್ಟೇ ಅಲ್ಲ, ಕಾಯ್ದೆ ಕಡ್ಡಾಯಗೊಳಿಸಿದ ಆಯ್ಕೆ ವಿಧಾನವನ್ನು ಬಿಟ್ಟದ್ದೂ ಸಾಕಾಗುತ್ತದೆ. ಉತ್ತರ ಪ್ರದೇಶದ ವಿದ್ಯುತ್ ನಿಯಂತ್ರಣ ಆಯೋಗದ ಅಧ್ಯಕ್ಷರ ಪ್ರಕರಣವನ್ನೇ ನೋಡಿ. ಹೆಸರು ಶಿಫಾರಸು ಮಾಡುವ ಮುನ್ನ ಆ ವ್ಯಕ್ತಿಗೆ ಹಣಕಾಸಿನ ಅಥವಾ ಬೇರೆ ಹಿತಾಸಕ್ತಿ ಇಲ್ಲವೆಂದು ಆಯ್ಕೆ ಸಮಿತಿಯೇ ಮನವರಿಕೆ ಮಾಡಿಕೊಳ್ಳಬೇಕು ಎನ್ನುತ್ತದೆ ವಿದ್ಯುತ್ ಕಾಯ್ದೆಯ ಸೆಕ್ಷನ್ 85(5). ಸಮಿತಿ ಆ ಕೆಲಸವನ್ನು ಸರ್ಕಾರಕ್ಕೆ ಬಿಟ್ಟಿತು. 2012ರ ರಾಜೇಶ್ ಅವಸ್ಥಿ ತೀರ್ಪಿನಲ್ಲಿ ಹುದ್ದೆ ಹೋಯಿತು. 2022ರಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿಯ ನೇಮಕವೂ ಬಿದ್ದುಹೋಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ ಕೇಳುವ ಹತ್ತು ವರ್ಷಗಳ ಪ್ರಾಧ್ಯಾಪಕ ಅನುಭವ ಇರಲಿಲ್ಲ, ಶೋಧನಾ ಸಮಿತಿಯ ರಚನೆಯೂ ನಿಯಮದಂತಿರಲಿಲ್ಲ. ಈ ಎರಡೂ ಕೇಸುಗಳನ್ನು ಒಂದೊಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು ಎಂಬುದನ್ನು ಗಮನಿಸಿ.

ದುರುದ್ದೇಶ, ಪ್ರಭಾವ, ಜಾತಿ ಲೆಕ್ಕಾಚಾರ ಇವೆಲ್ಲ ಸತ್ಯವೇ ಇರಬಹುದು. ಆದರೆ ಈ ಅರ್ಜಿಯಲ್ಲಿ ಅವಕ್ಕೆ ಕೆಲಸವಿಲ್ಲ. ನಮ್ಮ ರಾಜ್ಯದ್ದೇ ಪ್ರಕರಣವಿದೆ. ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ವ್ಯವಸ್ಥಾಪಕ ನಿರ್ದೇಶಕರ ನೇಮಕವನ್ನು ನೌಕರರ ಸಂಘ ಪ್ರಶ್ನಿಸಿ ಹೈಕೋರ್ಟಿನಲ್ಲಿ ಗೆದ್ದಿತ್ತು. 2006ರಲ್ಲಿ ಬಿ. ಶ್ರೀನಿವಾಸ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ಶಾಸನದ ಉಲ್ಲಂಘನೆ ಇದ್ದರಷ್ಟೇ ಈ ರಿಟ್, ನೇಮಿಸಿದವರ ಉದ್ದೇಶ ಕೆದಕುವುದು ಇಲ್ಲಿ ಅಪ್ರಸ್ತುತ ಎಂದಿತು. ಹೈಕೋರ್ಟಿನಲ್ಲಿ ಗೆದ್ದವರೇ ಈ ಕಾರಣಕ್ಕೆ ಸೋತಿದ್ದಾರೆ ಎಂದ ಮೇಲೆ, ಹೊಸಬರು ಅದೇ ಹಾದಿ ಹಿಡಿಯುವುದು ಬೇಡ.

ಹಂತ 4: ದಾಖಲೆಗಳನ್ನು ಸಂಗ್ರಹಿಸಿ

ಕೈಯಲ್ಲಿರಬೇಕಾದವು ಇವು: ನೇಮಕದ ಅಧಿಸೂಚನೆ ಅಥವಾ ಸರ್ಕಾರದ ನಡವಳಿಗಳ ಪ್ರತಿ, ರಾಜ್ಯಪತ್ರದಲ್ಲಿ ಪ್ರಕಟವಾಗಿದ್ದರೆ ಅದರ ಪ್ರತಿ, ಹುದ್ದೆಯನ್ನು ಸೃಷ್ಟಿಸಿದ ಕಾಯ್ದೆ, ವೃಂದ ಮತ್ತು ನೇಮಕಾತಿ ನಿಯಮಗಳು, ಅರ್ಜಿ ಆಹ್ವಾನಿಸಿದ ಪ್ರಕಟಣೆ, ಆಯ್ಕೆ ಸಮಿತಿಯ ಸಭಾ ನಡವಳಿ, ಅಧಿಕಾರ ವಹಿಸಿಕೊಂಡ ವರದಿ.

ಕಾಯ್ದೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಂತರ್ಜಾಲದಲ್ಲಿ ಸಿಗುವ ಪ್ರತಿ ಹತ್ತು ವರ್ಷ ಹಳೆಯದಿರಬಹುದು. ನೇಮಕವಾದ ದಿನ ಜಾರಿಯಲ್ಲಿದ್ದ ಪಠ್ಯ ಯಾವುದು, ನಡುವೆ ಯಾವ ತಿದ್ದುಪಡಿ ಬಂತು ಎಂದು ನೋಡಿ. ರಾಜ್ಯದ ಕಾಯ್ದೆಗಳಿಗೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣವನ್ನು, ತಿದ್ದುಪಡಿಗಳಿಗೆ ರಾಜ್ಯಪತ್ರವನ್ನು ಪರಿಶೀಲಿಸಿ. ರದ್ದಾದ ಉಪನಿಯಮವನ್ನು ನಂಬಿ ಬರೆದ ಅರ್ಜಿಯನ್ನು ಎದುರು ವಕೀಲರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಸಿಗದ ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ಕೇಳುವ ರೀತಿಯಲ್ಲಿ ಜಾಣ್ಮೆ ಇರಲಿ. ‘ಇವರ ಅಂಕಪಟ್ಟಿ ಕೊಡಿ’ ಎಂದರೆ ಖಾಸಗಿ ಮಾಹಿತಿ ಎಂದು ನಿರಾಕರಿಸುವ ಸಾಧ್ಯತೆ ಹೆಚ್ಚು. ‘ಸದರಿ ಹುದ್ದೆಯ ಆಯ್ಕೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಪುಟಗಳು, ಆಯ್ಕೆ ಸಮಿತಿಯ ನಡವಳಿ ಮತ್ತು ಅರ್ಹತೆ ಪರಿಶೀಲಿಸಿದ ತಃಖ್ತೆಯ ದೃಢೀಕೃತ ನಕಲು ಕೊಡಿ’ ಎಂದು ಕೇಳಿ. ಆ ತಃಖ್ತೆಯಲ್ಲೇ, ಅಂದರೆ ಕೋಷ್ಟಕದಲ್ಲೇ, ನಿಮಗೆ ಬೇಕಾದ ಅಂಕಣ ಇರುತ್ತದೆ.

ನಕಲು ಕೈಗೆ ಬಂದ ಕೂಡಲೇ ಬೆಳಕಿಗೆ ಹಿಡಿದು ಓದಿ. ನಕಲಿನ ನಕಲಿನಲ್ಲಿ ನಿಯಮದ ಸಂಖ್ಯೆ ಮಸುಕಾಗಿರುತ್ತದೆ, ಮೊಹರು ಬಿದ್ದ ಕಡೆ ದಿನಾಂಕ ಕಾಣುವುದಿಲ್ಲ. ಅಂಥ ಪುಟಕ್ಕೆ ಬೆರಳಚ್ಚು ಪ್ರತಿಯನ್ನು ಈಗಲೇ ಮಾಡಿಸಿ. ಹೈಕೋರ್ಟಿನ ಕಲಾಪ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ ನಡೆಯುವುದರಿಂದ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು. ಮುಖ್ಯವಾದ ಕನ್ನಡ ದಾಖಲೆಗಳಿಗೂ ಅನುವಾದ ಮಾಡಿಸಿಟ್ಟುಕೊಳ್ಳಿ.

ಹಂತ 5: ಪ್ರಮಾಣಪತ್ರವೇ ಸುಳ್ಳು ಎನ್ನುವುದಾದರೆ ಮೊದಲು ಅದನ್ನು ರದ್ದುಪಡಿಸಿ

ಮೀಸಲು ಸ್ಥಾನದ ಹುದ್ದೆಗಳಲ್ಲಿ ಇದು ಪದೇ ಪದೇ ಆಗುವ ತಪ್ಪು, ಹಾಗಾಗಿ ಬೇರೆ ಹಂತವಾಗಿಯೇ ಹೇಳುತ್ತಿದ್ದೇನೆ. ಬಳ್ಳಾರಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಭಾರತಿ ರೆಡ್ಡಿ ಅವರ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಬಗ್ಗೆ ಆಕ್ಷೇಪವೆತ್ತಿ ಕೋ ವಾರಂಟೊ ಕೇಳಲಾಗಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಪ್ರಮಾಣಪತ್ರವನ್ನು ಸಕ್ಷಮ ಪ್ರಾಧಿಕಾರ ರದ್ದುಪಡಿಸುವ ತನಕ ಅದು ಊರ್ಜಿತ, ಊಹೆ ಅನುಮಾನಗಳ ಮೇಲೆ ಈ ರಿಟ್ ಹೊರಡಿಸಲಾಗದು ಎಂಬುದು ಅದರ ಸಾರ.

ಆದ್ದರಿಂದ ಜಾತಿ, ಆದಾಯ, ಪದವಿ ಯಾವುದೇ ಪ್ರಮಾಣಪತ್ರದ ಸಾಚಾತನ ಪ್ರಶ್ನಿಸುವುದಾದರೆ ಮೊದಲು ಪರಿಶೀಲನಾ ಸಮಿತಿಗೆ ಅಥವಾ ಅದನ್ನು ಕೊಟ್ಟ ಪ್ರಾಧಿಕಾರಕ್ಕೆ ದೂರು ಕೊಡಿ. ಅವರು ಕುಳಿತಲ್ಲೇ ಕುಳಿತರೆ, ದೂರನ್ನು ಇಂತಿಷ್ಟು ಕಾಲದಲ್ಲಿ ತೀರ್ಮಾನಿಸಿ ಎಂದು ನಿರ್ದೇಶನ ಕೋರಿ ಹೈಕೋರ್ಟಿಗೆ ಹೋಗಬಹುದು. ರದ್ದತಿ ಆದೇಶ ಕೈಗೆ ಬಂದ ಮೇಲೆ ಕೋ ವಾರಂಟೊ. ತಡವಾಗುತ್ತದೆ ನಿಜ, ಆದರೆ ಅಡ್ಡದಾರಿಯಿಲ್ಲ.

ಇಲ್ಲಿ ನಿಂತು ಯೋಚಿಸಿ: ಮುಂದುವರಿಯಬಾರದೆನ್ನುವ ಸೂಚನೆಗಳು

ಅರ್ಜಿ ಬರೆಯುವ ಮುನ್ನ ಇವುಗಳಲ್ಲಿ ಒಂದು ಕಂಡರೂ ನಿಲ್ಲಿ. ಸೆಕ್ಷನ್ ತೋರಿಸಲು ಆಗುತ್ತಿಲ್ಲ, ‘ಒಟ್ಟಾರೆ ಅನ್ಯಾಯ’ ಎಂದಷ್ಟೇ ಹೇಳಲು ಆಗುತ್ತಿದೆ. ಸತ್ಯ ಸ್ಥಾಪಿಸಲು ಸಾಕ್ಷಿಗಳನ್ನು ಕರೆಸಬೇಕಾಗುತ್ತದೆ (ರಿಟ್ ನ್ಯಾಯಾಲಯ ಸಾಮಾನ್ಯವಾಗಿ ಸಾಕ್ಷಿ ವಿಚಾರಣೆ ನಡೆಸುವುದಿಲ್ಲ). ಅವಧಿ ಇನ್ನೆರಡು ತಿಂಗಳಲ್ಲಿ ಮುಗಿಯುತ್ತದೆ. ನಿಮಗೂ ಅವರಿಗೂ ಜಮೀನಿನದೋ ವ್ಯವಹಾರದ್ದೋ ಹಳೆಯ ವ್ಯಾಜ್ಯವಿದೆ ಮತ್ತು ಅದನ್ನು ಮುಚ್ಚಿಡುವ ಮನಸ್ಸಾಗುತ್ತಿದೆ.

ಇನ್ನೊಂದು ಸೂಚನೆ ಸೂಕ್ಷ್ಮವಾದದ್ದು. ದೋಷ ನಾಳೆಯೇ ಸರಿಪಡಿಸಬಹುದಾದಂಥದ್ದೇ ಎಂದು ನೋಡಿ. ಇಂದು ಹುದ್ದೆ ಬಿಡಿಸಿದರೆ ನಾಳೆ ಅದೇ ವ್ಯಕ್ತಿಯನ್ನು ಸಕ್ರಮವಾಗಿ ಮರುನೇಮಿಸಬಹುದು ಎಂದಾದರೆ ರಿಟ್ ವ್ಯರ್ಥವೆಂದು ನ್ಯಾಯಾಲಯ ನಿರಾಕರಿಸಬಹುದು. ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬಿಟ್ಟು 1973ರಲ್ಲಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದನ್ನು ಪ್ರಶ್ನಿಸಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ಈ ತರ್ಕದ ಮೇಲೂ ತಿರಸ್ಕರಿಸಿತ್ತು. ಸರ್ಕಾರ ಮತ್ತೆ ನೇಮಿಸಲಾರದ ದೋಷ ಯಾವುದು ಎಂದು ಹುಡುಕಿ, ಅದನ್ನೇ ಅರ್ಜಿಯ ತಲೆಯಲ್ಲಿಡಿ.

ತಡವಾಯಿತೆಂದು ಮಾತ್ರ ಹಿಂಜರಿಯಬೇಕಿಲ್ಲ. ಅನಧಿಕೃತವಾಗಿ ಕುಳಿತವರು ಪ್ರತಿದಿನವೂ ಅನಧಿಕೃತರೇ. ವಿಳಂಬವೊಂದನ್ನೇ ಕಾರಣ ಮಾಡಿ ಕೋ ವಾರಂಟೊ ಅರ್ಜಿಯನ್ನು ವಜಾ ಮಾಡುವುದು ಸರಿಯಲ್ಲ ಎಂದು ಗೋವಾದ ಕಾಶೀನಾಥ ಜಲ್ಮಿ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 6: ಅರ್ಜಿ ಬರೆಯುವುದು

ಪ್ರತಿವಾದಿಗಳು: ಹುದ್ದೆಯಲ್ಲಿರುವವರನ್ನು ಅವರ ಹೆಸರಿನಲ್ಲೇ ಪ್ರತಿವಾದಿ ಮಾಡಬೇಕು. ಪದನಾಮ ಮಾತ್ರ ಹಾಕಿ ಹೆಸರು ಬಿಟ್ಟ ಅರ್ಜಿಗಳನ್ನು ನೋಡಿದ್ದೇನೆ. ಯಾರ ಅಧಿಕಾರವನ್ನು ಪ್ರಶ್ನಿಸುತ್ತಿದ್ದೀರೋ ಅವರೇ ಅಲ್ಲಿಲ್ಲದಂತಾಗುತ್ತದೆ. ಜೊತೆಗೆ ನೇಮಿಸಿದ ಇಲಾಖೆಯ ಕಾರ್ಯದರ್ಶಿ, ಸಂಸ್ಥೆ, ಅಗತ್ಯವಿದ್ದರೆ ಆಯ್ಕೆ ಸಮಿತಿ ಇರಲಿ. ನೇಮಕದ ಆದೇಶ ರಾಜ್ಯಪಾಲರ ಹೆಸರಿನಲ್ಲಿ ಹೊರಟಿದೆಯೆಂದು ರಾಜ್ಯಪಾಲರನ್ನೇ ಪ್ರತಿವಾದಿ ಮಾಡಲು ಹೋಗಬೇಡಿ. 361ನೇ ವಿಧಿ ಅವರಿಗೆ ರಕ್ಷಣೆ ಕೊಟ್ಟಿದೆ.

ಸಂಗತಿಗಳು: ದಿನಾಂಕದ ಕ್ರಮದಲ್ಲಿ, ಒಂದು ಕಂಡಿಕೆಗೆ ಒಂದು ಸಂಗತಿ, ಪ್ರತಿಯೊಂದಕ್ಕೂ ಅನುಬಂಧದ ಅಕ್ಷರ. ಹಂತ 3ರಲ್ಲಿ ಬರೆದ ವಾಕ್ಯ ಮೊದಲ ಎರಡು ಪುಟದೊಳಗೆ ಬರಲೇಬೇಕು.

ನೀವು ಯಾರು: ಕೋ ವಾರಂಟೊದಲ್ಲಿ ಅರ್ಜಿದಾರರಿಗೆ ಸ್ವಂತ ಹಕ್ಕು ಭಂಗವಾಗಿರಬೇಕಿಲ್ಲ; ಯಾವ ನಾಗರಿಕರೂ ಕೇಳಬಹುದು. ಆದರೆ ನಿಮ್ಮ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯಿರಿ. ಹಿಂದೆ ಇದೇ ವಿಷಯದಲ್ಲಿ ಅರ್ಜಿ ಹಾಕಿದ್ದರೆ, ಪ್ರತಿವಾದಿಯೊಂದಿಗೆ ಬೇರೆ ಕೇಸಿದ್ದರೆ ಹೇಳಿಬಿಡಿ. ನೀವೇ ಹೇಳಿದರೆ ಅದು ಒಂದು ಕಂಡಿಕೆಯಾಗಿ ಮುಗಿಯುತ್ತದೆ. ಎದುರಿನವರು ಹೇಳಿದರೆ ಇಡೀ ಅರ್ಜಿ ಮುಳುಗುತ್ತದೆ, ಮೇಲೆ ದಂಡವೂ ಬೀಳಬಹುದು.

ಕೋರಿಕೆ: ‘ಪ್ರತಿವಾದಿಯು ಯಾವ ಅಧಿಕಾರದಿಂದ ಈ ಹುದ್ದೆಯಲ್ಲಿದ್ದಾರೆಂದು ತೋರಿಸುವಂತೆ ಕೋ ವಾರಂಟೊ ಹೊರಡಿಸಿ, ಹುದ್ದೆಯಿಂದ ತೆರವುಗೊಳಿಸಬೇಕು’ ಎಂಬುದು ಮುಖ್ಯ ಕೋರಿಕೆ. ಇದರ ಜೊತೆ ‘ನನ್ನನ್ನು ನೇಮಿಸಿ’, ‘ಇವರ ಮೇಲೆ ಕ್ರಿಮಿನಲ್ ಕೇಸು ಹಾಕಿ’, ‘ಕೊಟ್ಟ ಸಂಬಳ ವಸೂಲಿ ಮಾಡಿ’ ಎಂದು ಪೋಣಿಸುತ್ತಾ ಹೋದರೆ ಅರ್ಜಿಯ ಸ್ವರೂಪವೇ ಬದಲಾಗಿ, ಕೇಳಲು ನಿಮಗೆ ಹಕ್ಕೇನು ಎಂಬ ಪ್ರಶ್ನೆ ಏಳುತ್ತದೆ.

ಕೊನೆಯಲ್ಲಿ ಪರಿಶೀಲನಾ ಪ್ರಮಾಣಪತ್ರ, ಅಂದರೆ ಅಫಿಡವಿಟ್. ಯಾವುದು ನಿಮಗೆ ಸ್ವತಃ ಗೊತ್ತು, ಯಾವುದು ದಾಖಲೆಯಿಂದ ಗೊತ್ತು ಎಂದು ಬೇರ್ಪಡಿಸಿ. ಓದದೆ ಸಹಿ ಹಾಕಬೇಡಿ.

ಹಂತ 7: ಸಲ್ಲಿಕೆ ಮತ್ತು ಕಚೇರಿ ಆಕ್ಷೇಪಣೆ

ಕರ್ನಾಟಕ ಹೈಕೋರ್ಟಿಗೆ ಬೆಂಗಳೂರಿನ ಪ್ರಧಾನ ಪೀಠವಲ್ಲದೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಯಾವ ಜಿಲ್ಲೆಯ ಪ್ರಕರಣ ಯಾವ ಪೀಠಕ್ಕೆ ಹೋಗುತ್ತದೆ ಎಂದು ಖಚಿತಪಡಿಸಿಕೊಳ್ಳಿ. 1977ರ ರಿಟ್ ಕಲಾಪ ನಿಯಮಗಳು ಅರ್ಜಿಯ ನಮೂನೆಯನ್ನು ಹೇಳುತ್ತವೆ. ಅರ್ಜಿಯನ್ನು ಸಾರ್ವಜನಿಕ ಹಿತಾಸಕ್ತಿ ಎಂದು ಕರೆದರೆ 2018ರ ಪ್ರತ್ಯೇಕ ನಿಯಮಗಳೂ ಅನ್ವಯಿಸುತ್ತವೆ. ಅನಗತ್ಯವಾಗಿ ಆ ಹಣೆಪಟ್ಟಿ ಹಚ್ಚಬೇಡಿ.

ಸಲ್ಲಿಸಿದ ಮೇಲೆ ಪರಿಶೀಲನಾ ಶಾಖೆ ಆಕ್ಷೇಪಣೆಗಳ ಪಟ್ಟಿ ಹಾಕುತ್ತದೆ: ಪುಟಸಂಖ್ಯೆ ಹೊಂದುತ್ತಿಲ್ಲ, 47ನೇ ಪುಟ ಓದಲಾಗುತ್ತಿಲ್ಲ, ಅನುವಾದ ಇಲ್ಲ, ವಕಾಲತ್ತಿನ ಮೇಲೆ ಸ್ಟ್ಯಾಂಪ್ ಇಲ್ಲ. ಇವು ಸಣ್ಣವೆಂದು ಬಿಟ್ಟರೆ ಪ್ರಕರಣ ಪಟ್ಟಿಗೇ ಬರುವುದಿಲ್ಲ. ಕಾಲಾವಕಾಶ ಕೊಟ್ಟರೂ ಸರಿಪಡಿಸದಿದ್ದರೆ ಅಷ್ಟಕ್ಕೇ ವಜಾ ಆಗುತ್ತದೆ. ಕೇಸಿನ ಸ್ಥಿತಿಯನ್ನು ಹೈಕೋರ್ಟ್ ಜಾಲತಾಣದಲ್ಲಿ ಪ್ರತಿ ವಾರ ನೀವೇ ನೋಡಿ.

ಹಂತ 8: ಮೊದಲ ವಿಚಾರಣೆ ಮತ್ತು ಮಧ್ಯಂತರ ಆದೇಶ

ಪ್ರಾಥಮಿಕ ವಿಚಾರಣೆಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ವಕೀಲರ ಕೈಯಲ್ಲಿ ಒಂದು ಹಾಳೆ ಇರಲಿ: ಸೆಕ್ಷನ್, ಅನುಬಂಧದ ಪುಟ, ದಿನಾಂಕ, ಒಂದೆರಡು ತೀರ್ಪು. ಹತ್ತು ತೀರ್ಪು ಬೇಡ. ನ್ಯಾಯಾಲಯಕ್ಕೆ ಮೇಲ್ನೋಟಕ್ಕೆ ಹುರುಳು ಕಂಡರೆ ನೋಟಿಸ್ ಹೊರಡುತ್ತದೆ. ಅಷ್ಟಾದರೆ ಮೊದಲ ಗಟ್ಟಿ ಹೆಜ್ಜೆ ಇಟ್ಟಂತೆ, ಏಕೆಂದರೆ ಅಲ್ಲಿಂದ ತನ್ನ ಅಧಿಕಾರದ ಮೂಲ ತೋರಿಸುವ ಹೊಣೆ ಪ್ರತಿವಾದಿಯ ಮೇಲೆ ಬೀಳುತ್ತದೆ. ಸರ್ಕಾರದ ಪರ ಸರ್ಕಾರಿ ವಕೀಲರು ನ್ಯಾಯಾಲಯದಲ್ಲೇ ನೋಟಿಸ್ ಸ್ವೀಕರಿಸುತ್ತಾರೆ. ಖಾಸಗಿ ಪ್ರತಿವಾದಿಗೆ ನೋಟಿಸ್ ಜಾರಿಯಾಗಲು ಪ್ರಕ್ರಿಯೆ ಶುಲ್ಕ ಕಟ್ಟುವುದನ್ನು ಮರೆತು ತಿಂಗಳುಗಟ್ಟಲೆ ಕಾಯ್ದವರಿದ್ದಾರೆ. ಕಟ್ಟಿದ ರಸೀದಿ ಕೇಳಿ ಪಡೆಯಿರಿ.

ಕೆಲಸ ಮಾಡದಂತೆ ತಡೆಯಾಜ್ಞೆ ಮೊದಲ ದಿನವೇ ಸಿಗುವುದು ವಿರಳ. ಹಟ ಹಿಡಿದು ಅದನ್ನೇ ಕೇಳಿದರೆ ‘ಇಲ್ಲ’ ಎಂಬ ಆದೇಶ ದಾಖಲಾಗಿ ಎದುರಿನವರಿಗೆ ಅನುಕೂಲವಾಗುತ್ತದೆ. ಅದರ ಬದಲು ‘ನೇಮಕ ಈ ಅರ್ಜಿಯ ತೀರ್ಪಿಗೆ ಒಳಪಟ್ಟಿರಲಿ’, ‘ನೀತಿ ನಿರ್ಧಾರ, ನೇಮಕಾತಿ ಮಾಡದಿರಲಿ’, ‘ಆಯ್ಕೆಯ ಮೂಲ ಕಡತ ಹಾಜರುಪಡಿಸಲಿ’ ಎಂದು ಕೇಳಿ. ಮೂಲ ಕಡತ ನ್ಯಾಯಾಲಯಕ್ಕೆ ಬಂದರೆ ನಿಮ್ಮ ಅರ್ಧ ಕೆಲಸ ಆದಂತೆಯೇ.

ಹಂತ 9: ಆಕ್ಷೇಪಣೆ ಬಂದ ಮೇಲೆ

ಪ್ರತಿವಾದಿಗಳ ಆಕ್ಷೇಪಣಾ ಹೇಳಿಕೆಯನ್ನು ಕೆಂಪು ಪೆನ್ನು ಹಿಡಿದು ಓದಿ. ಅವರು ಏನು ಹೇಳಿದ್ದಾರೆ ಎಂಬುದಕ್ಕಿಂತ ಯಾವ ಕಂಡಿಕೆಗೆ ಉತ್ತರ ಕೊಟ್ಟಿಲ್ಲ ಎಂಬುದು ಮುಖ್ಯ. ಮರುಉತ್ತರದಲ್ಲಿ ಅದನ್ನಷ್ಟೇ ಎತ್ತಿ ತೋರಿಸಿ, ಹೊಸ ಆರೋಪ ತರಬೇಡಿ. ‘ಅರ್ಜಿದಾರರು ರಾಜಕೀಯ ಪ್ರೇರಿತರು’ ಎಂದು ನಾಲ್ಕು ಪುಟ ಬರೆದಿದ್ದರೆ ಅದಕ್ಕೆ ಎಂಟು ಪುಟದ ಉತ್ತರ ಬೇಕಿಲ್ಲ.

ನಡುವೆ ಸರ್ಕಾರ ನಿಯಮವನ್ನೇ ತಿದ್ದಬಹುದು, ಅನರ್ಹತೆಯನ್ನು ಹಿಂದಿನಿಂದಲೇ ತೆಗೆದುಹಾಕಲೂಬಹುದು. ರಾಜಸ್ಥಾನದಲ್ಲಿ ಶಾಸಕಿಯೊಬ್ಬರ ಅನರ್ಹತೆಯನ್ನು ಮೇಲ್ಮನವಿ ನಡೆಯುತ್ತಿರುವಾಗಲೇ ಹೊಸ ಕಾಯ್ದೆ ತಂದು ಕಳೆದರು. ಅದನ್ನು 1969ರ ಕಾಂತಾ ಕಥೂರಿಯಾ ತೀರ್ಪು ಎತ್ತಿಹಿಡಿಯಿತು. ಅಂಥದ್ದು ಆದರೆ ಕೂಡಲೇ ಅರ್ಜಿಗೆ ತಿದ್ದುಪಡಿ ಕೋರಿ, ಹೊಸ ನಿಯಮ ಹಿಂದಿನ ದಿನಾಂಕಕ್ಕೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಎತ್ತಬೇಕು.

ಹಂತ 10: ತೀರ್ಪು ಬಂದ ಮೇಲೆ

ಗೆದ್ದರೆ ಹುದ್ದೆ ತೆರವಾಗುತ್ತದೆ, ಅಷ್ಟೇ. ಅವರು ಇದುವರೆಗೆ ಹಾಕಿದ ಸಹಿಗಳೆಲ್ಲ ರದ್ದಾಗುತ್ತವೆಂದು ಭಾವಿಸಬೇಡಿ. ವಾಸ್ತವಿಕ ಅಧಿಕಾರಿ ತತ್ವದಂತೆ, ನೇಮಕ ದೋಷಪೂರಿತವಾಗಿದ್ದರೂ ಹುದ್ದೆಯಲ್ಲಿದ್ದಾಗ ಮಾಡಿದ ಕೆಲಸ ಸಾಮಾನ್ಯವಾಗಿ ಉಳಿಯುತ್ತದೆ. 1981ರ ಗೋಕರಾಜು ರಂಗರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನ್ಯಾಯಾಧೀಶರ ತೀರ್ಪುಗಳಿಗೇ ಅನ್ವಯಿಸಿತು.

ಸೋತರೆ, ಏಕಸದಸ್ಯ ಪೀಠದ ಆದೇಶವಾಗಿದ್ದರೆ ಕರ್ನಾಟಕ ಹೈಕೋರ್ಟ್ ಕಾಯ್ದೆಯ ಸೆಕ್ಷನ್ 4ರಡಿ 30 ದಿನಗಳೊಳಗೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸಬಹುದು. ವಿಭಾಗೀಯ ಪೀಠದ್ದಾಗಿದ್ದರೆ ವಿಶೇಷ ಅನುಮತಿ ಅರ್ಜಿಯ ಮೂಲಕ ಸುಪ್ರೀಂ ಕೋರ್ಟ್. ಎದುರಿನವರಿಗೂ ಇವೇ ದಾರಿಗಳಿವೆ. ಆದ್ದರಿಂದ ಗೆದ್ದ ದಿನವೇ, ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡದಂತೆ ಮೇಲಿನ ನ್ಯಾಯಾಲಯದಲ್ಲಿ ಕೇವಿಯಟ್ ಹಾಕುವ ಬಗ್ಗೆ ವಕೀಲರೊಂದಿಗೆ ಮಾತಾಡಿ.

ಆದೇಶದ ದೃಢೀಕೃತ ಪ್ರತಿ ಪಡೆದು, ನೇಮಕ ಪ್ರಾಧಿಕಾರಕ್ಕೆ ಮುಖಪತ್ರದೊಂದಿಗೆ ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆದೇಶ ಪಾಲನೆಯಾಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಮಿತಿಯಿದೆ. ಆದೇಶ ಅವರಿಗೆ ತಲುಪಿಲ್ಲ ಎಂಬ ಸಬೂಬಿಗೆ ಆ ಮೊಹರೇ ಉತ್ತರ.